ವಕೀಲರ ಕಚೇರಿಯ ರುಮಾಲುಗಳು

ಮುಂಬಯಿಯ ಕ್ರಾಫರ್ಡ್ ಬೇಲಿ ಸಂಸ್ಥೆ 1830ರಿಂದ ನಡೆದುಬಂದಿದೆ. ಲಿಟ್ಲ್ ಅಂಡ್ ಕಂಪನಿ 1856ರಿಂದ. ಆ ಹೆಸರುಗಳನ್ನು ಹೊತ್ತಿದ್ದ ಮೂಲಪುರುಷರು ಗತಿಸಿ ತಲೆಮಾರುಗಳು ಕಳೆದಿವೆ. ಆದರೂ ಫಲಕದ ಮೇಲೆ ಅವರ ವಕೀಲಿ ಇನ್ನೂ ನಡೆದಿದೆ. ಅಂಥ ಸಂಸ್ಥೆಯ ಚರಿತ್ರೆ ಬರೆಯಹೊರಟವನಿಗೆ ಹಿಡಿಯಲು ಒಂದು ದಾರವಾದರೂ ಇರುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ಹಳೆಯ ವಕೀಲರ ಕಚೇರಿಗಳ ವಿಷಯದಲ್ಲಿ ಆ ದಾರವೂ ಇಲ್ಲ. ನೂರು ವರ್ಷ ಒಂದೇ ಪಡಸಾಲೆಯಲ್ಲಿ, ಒಂದೇ ಮೇಜಿನ ಮೇಲೆ ಕೆಲಸ ನಡೆದಿದ್ದರೂ ಅದಕ್ಕೆ ಸಂಸ್ಥೆಯೆಂಬ ಹೆಸರು ಬರಲಿಲ್ಲ.

ಇದಕ್ಕೆ ಕಾರಣ ನಮ್ಮವರ ಅಲಕ್ಷ್ಯವಲ್ಲ, ಅಂದಿನ ನ್ಯಾಯವ್ಯವಸ್ಥೆ. ಕಕ್ಷಿಗಾರನ ಕಾಗದಪತ್ರ ಸಿದ್ಧಪಡಿಸುವ ಸಾಲಿಸಿಟರನೊಬ್ಬ, ನ್ಯಾಯಾಧೀಶರ ಮುಂದೆ ನಿಂತು ವಾದಿಸುವ ಬ್ಯಾರಿಸ್ಟರನೊಬ್ಬ ಎಂಬ ಇಬ್ಬಗೆಯ ಏರ್ಪಾಡು ಪ್ರೆಸಿಡೆನ್ಸಿ ನಗರಗಳ ಹೈಕೋರ್ಟುಗಳ ಮೂಲ ದಾವೆಗಳ ಶಾಖೆಗೆ ಸೇರಿದ್ದು. ಸಾಲಿಸಿಟರ್ ಸಂಸ್ಥೆಗಳು ಆ ನೆಲದಲ್ಲಿಯೇ ಬೆಳೆದವು. ಜಿಲ್ಲೆಗಳಲ್ಲಿ ಸನದು ಪಡೆದ ವಕೀಲನೊಬ್ಬನೇ ಎರಡೂ ಕೆಲಸ ಮಾಡುತ್ತಿದ್ದ. ಆತನೇ ಕಚೇರಿ, ಕಚೇರಿಯೇ ಆತ. ಅವನ ತರುವಾಯ ಮಗನೋ ಅಳಿಯನೋ ಕೈಕೆಳಗೆ ಕಲಿತ ಕಿರಿಯನೋ ಬಂದು ಕೂರುತ್ತಿದ್ದ. ಮೇಜು ಅದೇ, ಗುಮಾಸ್ತನೂ ಬಹುಮಟ್ಟಿಗೆ ಅವನೇ. ಇಂದಿಗೂ ನಮ್ಮ ಕಡೆ ಹಿರಿಯ ವಕೀಲರನ್ನು ಪರಿಚಯಿಸುವಾಗ, ಯಾವ ಊರಿನವರು ಎಂಬುದಕ್ಕಿಂತ ಮೊದಲು ಯಾರ ಕೈಯಲ್ಲಿ ತಯಾರಾದವರು ಎಂಬ ಮಾತು ಬರುತ್ತದೆ. ಶ್ರವಣಬೆಳಗೊಳದ ಶಾಸನಗಳ ಗುರ್ವಾವಳಿಯನ್ನು ಓದಿ ರೂಢಿಯಾದವನಿಗೆ ಈ ಕ್ರಮ ಅಪರಿಚಿತವೆನಿಸುವುದಿಲ್ಲ. ಮುಂಬಯಿಯ ಪ್ರತ್ಯೇಕ ಸಾಲಿಸಿಟರ್ ವರ್ಗವೂ 1976ರ ತಿದ್ದುಪಡಿಯಿಂದ ಕಾನೂನಿನ ದೃಷ್ಟಿಯಲ್ಲಿ ವಕೀಲವರ್ಗದೊಳಗೆ ಸೇರಿಹೋಯಿತು. ಅದು ಬೇರೆ ಕಥೆ.

ಕೆಲವು ವರ್ಷಗಳ ಹಿಂದೆ ಧಾರವಾಡ ಸೀಮೆಯ ಒಂದು ಊರಿನಿಂದ ನನಗೆ ಕರೆ ಬಂದಿತು. ಮೂರು ತಲೆಮಾರು ವಕೀಲಿ ನಡೆಸಿದ ಮನೆ. ನಾಲ್ಕನೆಯವರು ಬೇರೆ ಉದ್ಯೋಗದಲ್ಲಿದ್ದಾರೆ, ಮನೆಯನ್ನು ಮಾರುವವರಿದ್ದಾರೆ. ಅಟ್ಟದ ಬಾಗಿಲು ತೆರೆದು ಅವರು, "ಸರ್, ಇವನ್ನೆಲ್ಲಾ ರದ್ದಿಗೆ ಹಾಕಬೇಕಂತ ಮಾಡೀವ್ರಿ. ಅದಕ್ಕೂ ಮೊದಲ ನಿಮಗ ಬೇಕಾದದ್ದು ಏನರ ಇದ್ರ ನೋಡ್ಕೊಳ್ರಿ" ಎಂದರು. ಗೋಡೆಯುದ್ದಕ್ಕೂ ಮಾಸಿದ ಬಟ್ಟೆಯಲ್ಲಿ ಕಟ್ಟಿದ ರುಮಾಲುಗಳು. ಒಂದು ಕಪಾಟಿನಲ್ಲಿ 1876ರಲ್ಲಿ ಆರಂಭವಾದ ಇಂಡಿಯನ್ ಲಾ ರಿಪೋರ್ಟ್ಸ್‌ನ ಮುಂಬಯಿ ಮಾಲೆಯ ಬಿಡಿ ಸಂಪುಟಗಳು, ಬೆನ್ನು ಹರಿದವು. ಅತ್ಯಂತ ಹಳೆಯ ಕಟ್ಟುಗಳಲ್ಲಿ ಮೋಡಿ ಲಿಪಿಯ ಮರಾಠಿ ಕಾಗದಗಳು. ನಂತರದವುಗಳಲ್ಲಿ ಕನ್ನಡ, ಇಂಗ್ಲಿಷು. ಮುಂಬಯಿಯ ಹೈಕೋರ್ಟಿಗೆ ಅಪೀಲು ಕಳಿಸುವಾಗ ಅಲ್ಲಿಯ ವಕೀಲರೊಡನೆ ನಡೆದ ಪತ್ರವ್ಯವಹಾರ ಒಂದು ಪೆಟ್ಟಿಗೆ ತುಂಬ ಇತ್ತು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಆ ಪೆಟ್ಟಿಗೆಗೆ ಹೊಸ ಕಾಗದ ಬಿದ್ದಿಲ್ಲ. ಮುಂದಿನ ಲಕೋಟೆಗಳೆಲ್ಲ ಬೆಂಗಳೂರಿನವು. ಏಕೀಕರಣದ ಬಗ್ಗೆ ನಾವು ಭಾಷಣಗಳನ್ನೂ ಗೀತೆಗಳನ್ನೂ ಬೇಕಾದಷ್ಟು ಸಂಗ್ರಹಿಸಿದ್ದೇವೆ. ಒಂದು ಜಿಲ್ಲೆಯ ಅಪೀಲುಗಳು ಒಂದು ದಿನದಿಂದ ದಿಕ್ಕು ಬದಲಿಸಿದ್ದು ಹೇಗೆ ಎಂಬುದು ಇಂಥ ಪೆಟ್ಟಿಗೆಗಳಲ್ಲಿ ಕಾಣುತ್ತದೆ. ಧಾರವಾಡಕ್ಕೇ ಹೈಕೋರ್ಟಿನ ಪೀಠ ಬರಲು 2008ರವರೆಗೆ ಕಾಯಬೇಕಾಯಿತು.

ಆ ಕಟ್ಟುಗಳಲ್ಲಿ ಎದ್ದುಕಾಣುವಷ್ಟು ಪಾಲು ದತ್ತಕದ ದಾವೆಗಳದ್ದು. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರಿಟಿಷ್ ಆಳಿಕೆಯ ನ್ಯಾಯಾಲಯಗಳು ಹಿಂದೂ ಧರ್ಮಶಾಸ್ತ್ರವನ್ನು ಪ್ರಾಂತಕ್ಕೊಂದು ಬಗೆಯಾಗಿ ಅರ್ಥೈಸಿದವು. ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡದ ವಿಧವೆ, ಗಂಡ ಬೇಡವೆಂದಿರದಿದ್ದರೆ, ಅವನ ಸ್ಪಷ್ಟ ಅನುಮತಿಯಿಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದೆಂಬ ಮತ ಬಲಗೊಂಡಿತು. ಮದ್ರಾಸ್ ಪ್ರಾಂತದ ಬಳ್ಳಾರಿಯಲ್ಲಿ ಅದೇ ಸ್ಥಿತಿಯ ಹೆಂಗಸಿಗೆ ಗಂಡನ ಅಧಿಕಾರವೋ ಸಪಿಂಡರ ಒಪ್ಪಿಗೆಯೋ ಇರಲೇಬೇಕಾಗಿತ್ತು. ಭಾಷೆ ಒಂದೇ, ಹಬ್ಬ ಒಂದೇ, ಬೀಗತನವೂ ನಡೆಯುತ್ತಿತ್ತು. ತುಂಗಭದ್ರೆಯ ಆಚೆಗೊಂದು ಈಚೆಗೊಂದು ಹೆಣ್ಣಿನ ಅಧಿಕಾರ. 1956ರ ದತ್ತಕ ಮತ್ತು ಜೀವನಾಂಶ ಕಾಯಿದೆ ಬರುವವರೆಗೂ ಈ ಭೇದ ಉಳಿಯಿತು. ಆ ಕಾಲದ ಕಾದಂಬರಿಗಳಲ್ಲಿ ದತ್ತಕದ ಪ್ರಸಂಗ ಬಂದಾಗ ನಮ್ಮ ವಿಮರ್ಶೆ ಅದನ್ನು ಕುಟುಂಬದ ಕಲಹವೆಂದು ಓದಿ ಮುಂದೆ ಹೋಗುತ್ತದೆ. ಕಥೆ ಯಾವ ಪ್ರಾಂತದಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದು ನನ್ನ ಆಗ್ರಹ.

ವಕೀಲರ ಕಚೇರಿಗೂ ಕನ್ನಡಕ್ಕೂ ಇರುವ ನಂಟನ್ನು ಹೇಳುವಾಗ ಇಬ್ಬರನ್ನು ಬಿಡುವಂತಿಲ್ಲ. ಆಲೂರ ವೆಂಕಟರಾಯರು ಮತ್ತು ಫ. ಗು. ಹಳಕಟ್ಟಿಯವರು ಇಬ್ಬರೂ 1880ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡವರು. ಇಬ್ಬರೂ ಕಾನೂನು ಓದಿದವರು. ಆಲೂರರು ವಕೀಲಿಯನ್ನು ಬಿಟ್ಟು ನಾಡಿನ ಕೆಲಸಕ್ಕೆ ನಿಂತರು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ನಡೆಸುತ್ತಲೇ ಮನೆಮನೆ ಅಲೆದು ವಚನಗಳ ತಾಡವೋಲೆಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಓಲೆಗಳನ್ನು ಹೋಲಿಸುವುದು, ಪಾಠಾಂತರ ಗುರುತಿಸುವುದು, ಯಾವ ಪ್ರತಿ ಎಷ್ಟು ನಂಬಿಕೆಗೆ ಅರ್ಹವೆಂದು ತೂಗುವುದು: ಇವೆಲ್ಲ ದಸ್ತಾವೇಜನ್ನು ಪರೀಕ್ಷಿಸುವ ವಕೀಲನ ನಿತ್ಯದ ಕೆಲಸಕ್ಕೆ ತೀರ ದೂರದವಲ್ಲ. ಅವರ ಸಂಪಾದನೆಯ ಹಿಂದೆ ನ್ಯಾಯಾಲಯದ ಪಳಗಿದ ಕಣ್ಣು ಇತ್ತೆಂದು ನಾನು ನಂಬುತ್ತೇನೆ. ವಚನಸಾಹಿತ್ಯದ ಚರಿತ್ರೆಯನ್ನು ಪಾಠ ಹೇಳುವಾಗ ಅವರ ವೃತ್ತಿಯನ್ನು ಬಡತನದ ಕಥೆಗೆ ಪೀಠಿಕೆಯಾಗಿ ಮಾತ್ರ ಹೇಳಿ ಮುಗಿಸುವುದು ನನಗೆ ಸಮ್ಮತವಲ್ಲ.

ಇನ್ನು ಅಟ್ಟದ ಮಾತು. ಬೇಕಾದದ್ದನ್ನು ನೋಡಿಕೊಳ್ಳಿರೆಂದಾಗ ಕೈ ಚಾಚುವುದು ಸುಲಭ. ಆದರೆ 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮು ಅಡ್ಡ ನಿಂತಿತು. ಕಕ್ಷಿಗಾರನು ವೃತ್ತಿಯ ಸಂಬಂಧದಲ್ಲಿ ತಿಳಿಸಿದ್ದನ್ನು, ತನ್ನ ವಶಕ್ಕೆ ಬಂದ ದಸ್ತಾವೇಜಿನ ಒಳಗನ್ನು, ತಾನು ಕೊಟ್ಟ ಸಲಹೆಯನ್ನು ಅವನ ಸ್ಪಷ್ಟ ಸಮ್ಮತಿಯಿಲ್ಲದೆ ವಕೀಲನು ಹೊರಗೆಡಹಕೂಡದು. ಕೆಲಸ ಮುಗಿದ ಮೇಲೂ ಈ ಕಟ್ಟು ಸಡಿಲವಾಗದು. ಮುಂದಿನ ಕಲಮು ಇದನ್ನು ಗುಮಾಸ್ತರಿಗೂ ದುಭಾಷಿಗಳಿಗೂ ವಿಸ್ತರಿಸುತ್ತದೆ. ಅನ್ಯಾಯದ ಉದ್ದೇಶಕ್ಕಾಗಿ ಆಡಿದ ಮಾತಿಗೆ ರಕ್ಷಣೆಯಿಲ್ಲವೆಂಬ ಅಪವಾದವೂ ಉಂಟು. 2023ರ ಹೊಸ ಅಧಿನಿಯಮದಲ್ಲಿಯೂ ಈ ತತ್ತ್ವ ಉಳಿದಿದೆ. ಸಂಶೋಧಕನ ಹೆಸರು ಎಲ್ಲಿಯೂ ಇಲ್ಲ, ನಿಜ. ನನ್ನ ಜೊತೆ ಬಂದಿದ್ದ ಯುವ ಮಿತ್ರರು ಅದನ್ನೇ ಹಿಡಿದು ವಾದಿಸಿದರು: ವಾದಿ ಸತ್ತ, ಪ್ರತಿವಾದಿ ಸತ್ತ, ವಕೀಲರೂ ಸತ್ತರು, ಉಳಿದದ್ದು ಚರಿತ್ರೆ.

ಅವರ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಹೊಲ ಸತ್ತಿಲ್ಲ. ನಾಲ್ಕಾರು ಹಾಳೆ ತಿರುವುವಷ್ಟರಲ್ಲಿ ಪರಿಚಿತ ಮನೆತನಗಳ ಹೆಸರು ಕಂಡವು. ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿದ್ದಾರೆ. ದತ್ತಕ ನಿಜವಾಗಿ ನಡೆಯಿತೇ, ಸಹಿ ಯಾರು ಹಾಕಿದರು ಎಂದು ಒಬ್ಬ ಹೆಂಗಸು ತನ್ನ ವಕೀಲನೆದುರು ನಂಬಿ ಹೇಳಿದ್ದು ನನ್ನ ಅಡಿಟಿಪ್ಪಣಿಗಾಗಿ ಹೇಳಿದ್ದಲ್ಲ.

ಕೊನೆಗೆ ಹೀಗೆ ವಿಂಗಡಿಸಿದೆವು. ತೆರೆದ ನ್ಯಾಯಾಲಯದಲ್ಲಿ ಹಾಜರುಪಡಿಸಿದ ದಾವೆ, ಕೈಫಿಯತ್ತು, ಸಾಕ್ಷಿಯ ಹೇಳಿಕೆ, ತೀರ್ಪುಗಳ ನಕಲುಗಳು ಓದಲು ಯೋಗ್ಯ. ಹಳ್ಳಿಯ ಸಾಕ್ಷಿಗಳ ಮಾತು ಕಾರಕೂನನ ಲೇಖಣಿಯ ಮೂಲಕ ಹಾದುಬಂದಿರುವ ಆ ಹೇಳಿಕೆಗಳು ಕನ್ನಡ ಗದ್ಯದ ಅಭ್ಯಾಸಿಗಳಿಗೆ ದೊಡ್ಡ ನಿಧಿ. ಕಕ್ಷಿಗಾರರ ಪತ್ರಗಳನ್ನೂ ವಕೀಲರ ಖಾಸಗಿ ಟಿಪ್ಪಣಿಗಳನ್ನೂ ಬಿಚ್ಚದೆ ಮತ್ತೆ ಕಟ್ಟಿದೆವು. ಯಾರೂ ಮರಳಿ ಕೇಳದೆ ಉಳಿದಿದ್ದ ಮೂಲ ಖರೀದಿಪತ್ರಗಳನ್ನು ವಾರಸುದಾರರಿಗೆ ತಲುಪಿಸುವುದೆಂದಾಯಿತು. ಮಿತ್ರರಿಗೆ ಈ ತೀರ್ಮಾನ ಇಂದಿಗೂ ಒಪ್ಪಿಗೆಯಿಲ್ಲ.

ಆ ಕಚೇರಿಯಲ್ಲಿ ದುಡಿದಿದ್ದ ವೃದ್ಧ ಗುಮಾಸ್ತರೊಬ್ಬರನ್ನು ಕರೆಸಲಾಯಿತು. ಕಣ್ಣು ಮಂಜಾಗಿತ್ತು, ಓದಲಾಗುತ್ತಿರಲಿಲ್ಲ. ರುಮಾಲಿನ ಗಂಟನ್ನು ಬೆರಳಿಂದ ಮುಟ್ಟಿ, ಇದು ಹಿರಿಯ ವಕೀಲರ ಕಾಲದ್ದು, ಇದು ನಾನು ಕಟ್ಟಿದ್ದು ಎಂದು ಬೇರ್ಪಡಿಸುತ್ತ ಹೋದರು. ಯಾವ ಪತ್ರ ಯಾರದೆಂದು ಓದಿ ಹೇಳಿದರೆ ಮನೆಯ ಗುರುತು ಕೊಡುತ್ತಿದ್ದರು. ವ್ಯಾಜ್ಯದ ಸಂಗತಿ ಏನೆಂದು ಮಿತ್ರರು ಎರಡು ಸಲ ಕೇಳಿದರು. ಅವರು ಅದು ಕೇಳಿಸದವರಂತೆ ಮುಂದಿನ ಗಂಟಿಗೆ ಕೈ ಹಾಕಿದರು.