ಅಪ್ಪನ ಟ್ರಂಕಿನ ಕ್ಯಾಸೆಟ್‌ಗಳು

ಅಪ್ಪ ತೀರಿಕೊಂಡು ಒಂದೂವರೆ ವರ್ಷದ ಮೇಲೆ ಅಟ್ಟದಿಂದ ಆ ಟ್ರಂಕು ಇಳಿಸಿದೆವು. ಮನೆಗೆ ಸುಣ್ಣ ಬಣ್ಣ ಮಾಡಿಸುವುದಿತ್ತು. ಕೊರವಂಗಲಕ್ಕೆ ವಾರಕ್ಕೊಮ್ಮೆ ಬರುವ ಗುಜರಿಯವನು ಬಾಗಿಲಲ್ಲೇ ನಿಂತಿದ್ದ. ಟ್ರಂಕಿನ ತಗಡಿಗೆ ಒಂದು ರೇಟು, ಒಳಗಿನ ಪ್ಲಾಸ್ಟಿಕ್ಕಿಗೆ ಇನ್ನೊಂದು ರೇಟು ಹೇಳಿದ. ಒಳಗಿಂದ ಅವ್ವ, "ಅದನ್ನ ಮಾತ್ರ ಮುಟ್‌ಬ್ಯಾಡ್ರಪ್ಪ, ನಿಮ್ಮಪ್ಪನ ಶನಿವಾರಗಳು ಅವು" ಅಂದರು.

ಟ್ರಂಕಿನಲ್ಲಿ 86 ಕ್ಯಾಸೆಟ್‌ಗಳಿದ್ದವು. ಒಂದೂ ಅಂಗಡಿಯಲ್ಲಿ ಹಾಡು ತುಂಬಿ ಮಾರುವಂಥದ್ದಲ್ಲ. ಎಲ್ಲವೂ ಖಾಲಿ ಕೊಂಡು ರೇಡಿಯೊದಿಂದ ತುಂಬಿಸಿಕೊಂಡವು.

ಆಕಾಶವಾಣಿಯಲ್ಲಿ ಶನಿವಾರ ರಾತ್ರಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಅಂತ ಒಂದು ಬರುತ್ತಿತ್ತು. ಶುರುವಾಗಿದ್ದು 1952ರಲ್ಲಿ. ದೇಶದ ದೊಡ್ಡ ಗಾಯಕರು, ವಾದಕರು ಅದರಲ್ಲಿ ಕಚೇರಿ ಕೊಡುತ್ತಿದ್ದರು. ಒಂದು ವಾರ ಹಿಂದೂಸ್ತಾನಿ ಬಂದರೆ ಇನ್ನೊಂದು ವಾರ ಕರ್ನಾಟಕ ಸಂಗೀತ. ಅಪ್ಪ ಆಲೂಗೆಡ್ಡೆ, ರಾಗಿ ಬೆಳೆಯುತ್ತಿದ್ದವರು. ಸರಿಗಮ ಕಲಿತವರಲ್ಲ. "ನಂಗೆ ಹಾಡಾಕೆ ಬರಲ್ಲ, ಕೇಳಾಕೆ ಬರ್ತದೆ" ಅನ್ನುತ್ತಿದ್ದರು. ಒಂದು ವರ್ಷ ಆಲೂಗೆಡ್ಡೆಗೆ ಒಳ್ಳೇ ರೇಟು ಸಿಕ್ಕಾಗ ಹಾಸನದಿಂದ ಒಂದು ಟೂ ಇನ್ ಒನ್ ತಂದರು. ಅಲ್ಲಿಂದಾಚೆ ಶನಿವಾರ ರಾತ್ರಿ ಊಟ ಬೇಗ, ಮನೆಯಲ್ಲಿ ಮಾತು ಕಡಿಮೆ.

ಕರೆಂಟು ನಂಬುವ ಹಾಗಿರಲಿಲ್ಲ. ಅದಕ್ಕೆ ಶೆಲ್ಲು ಹಾಕಿಯೇ ರೆಕಾರ್ಡ್ ಮಾಡುತ್ತಿದ್ದರು. ಶೆಲ್ಲು ಸೋತ ಹಾಗೆ ಮೋಟಾರು ನಿಧಾನವಾಗುತ್ತದೆ. ಹಾಗೆ ನಿಧಾನವಾಗಿ ತುಂಬಿಕೊಂಡ ಟೇಪನ್ನು ಮಾರನೇ ದಿನ ಕರೆಂಟಿನಲ್ಲಿ ಸರಿಯಾದ ವೇಗದಲ್ಲಿ ಹಾಕಿದರೆ ದನಿ ಮೇಲೇರುತ್ತದೆ, ತಂಬೂರಿಯ ಶ್ರುತಿಯೂ ಏರುತ್ತದೆ. ಕಚೇರಿ ಮುಗಿಯುವ ಹೊತ್ತಿಗೆ ಗಾಯಕರಿಗೆ ಏನೋ ಅವಸರ ಬಂದ ಹಾಗೆ ಕೇಳುತ್ತಿತ್ತು. ಅಪ್ಪ ನಗುತ್ತಾ, "ಇವರಿಗೂ ಹಾಸನದ ಲಾಸ್ಟ್ ಬಸ್ಸು ಹಿಡೀಬೇಕೇನೋ" ಅನ್ನುತ್ತಿದ್ದರು.

ಪ್ರತಿ ಕ್ಯಾಸೆಟ್ಟಿನ ಮೇಲೂ ನೀಲಿ ಪೆನ್ನಿನಲ್ಲಿ ಹೆಸರಿದೆ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ದೊರೆಸ್ವಾಮಿ ಅಯ್ಯಂಗಾರರ ವೀಣೆ. ಆದರೆ ಹೆಚ್ಚು ಸಲ ಕಾಣುವುದು ಆರ್.ಕೆ.ಎಸ್. ಅನ್ನುವ ಮೂರಕ್ಷರ. ಆರ್.ಕೆ. ಶ್ರೀಕಂಠನ್ ನಮ್ಮ ಜಿಲ್ಲೆಯವರೇ. 1920ರಲ್ಲಿ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಹುಟ್ಟಿದವರು. ಕಾವೇರಿ ದಡದ ಆ ಒಂದು ಸಣ್ಣ ಊರಿನಿಂದ ಎಷ್ಟು ಜನ ಸಂಗೀತಗಾರರು ಬಂದರೆಂದರೆ, ಈಗ ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿದ್ದಾರೆ. ಶ್ರೀಕಂಠನ್ ಆಕಾಶವಾಣಿಯಲ್ಲೇ ಮೂರು ದಶಕ ಕೆಲಸ ಮಾಡಿದರು. 2011ರಲ್ಲಿ ಪದ್ಮಭೂಷಣ ಬಂತು. ತೊಂಬತ್ತು ದಾಟಿದ ಮೇಲೂ ಹಾಡಿ 2014ರಲ್ಲಿ ತೀರಿಕೊಂಡರು. ಅಪ್ಪ ಅವರನ್ನು ಎದುರಿಗೆ ಒಮ್ಮೆಯೂ ನೋಡಲಿಲ್ಲ. "ನಮ್ಮ ಕಡೆಯೋರು" ಅನ್ನುತ್ತಿದ್ದರು, ಅಷ್ಟೇ.

ಈಗ ನಮ್ಮ ತಪ್ಪಿನ ವಿಚಾರಕ್ಕೆ ಬರುತ್ತೇವೆ.

1999ರಲ್ಲಿ ನಮಗೆ ಹನ್ನೊಂದು ವರ್ಷ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಹಾಸನ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬರುತ್ತಿತ್ತು. ಕೈಗೆ ಸಿಕ್ಕ ಕ್ಯಾಸೆಟ್ ಒಳಗಿಟ್ಟು ಕೆಂಪು ಗುಂಡಿ, ಪ್ಲೇ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದೆವು. ನಾಲ್ಕು ಹಾಡು ತುಂಬಿಕೊಂಡೆವು. ಅದು ಆರ್.ಕೆ.ಎಸ್. ತೋಡಿ ರಾಗ ಹಾಡಿದ ಕ್ಯಾಸೆಟ್ಟು.

ಎರಡು ದಿನ ಬಿಟ್ಟು ಅಪ್ಪ ಹಾಲು ಕರೆದು ಬಂದು ಅದನ್ನೇ ಹಾಕಿದರು. ಆಲಾಪನೆ ನಿಧಾನವಾಗಿ ಮೇಲೇರುತ್ತಿತ್ತು. ಇನ್ನೇನು ತುದಿ ಮುಟ್ಟಬೇಕು, ಟಕ್ ಅಂತ ಸದ್ದಾಗಿ ಸಿನಿಮಾ ಹಾಡು ಬಂತು. ನಾವು ಕಂಬದ ಹಿಂದೆ ನಿಂತಿದ್ದೆವು. ಅಪ್ಪ ಬೈಯಲಿಲ್ಲ. ಟೇಪನ್ನು ಆರಿಸಲೂ ಇಲ್ಲ. ಹಾಡು ಪೂರ್ತಿ ಕೇಳಿದರು. ಆಮೇಲೆ, "ರೆಕಾರ್ಡು ಚೆನ್ನಾಗೇ ಬಂದೈತೆ ಕಣ್ಲಾ" ಅಂದು ಕೊಟ್ಟಿಗೆಗೆ ಹೋದರು.

ಆ ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಜಗುಲಿ ಮೇಲೆ ಕೂತರು. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚಕ್ಕೆ ಇರುತ್ತವೆ, ಒಂದೊಂದು ಬದಿಗೆ ಒಂದೊಂದು. ಅದನ್ನು ಮುರಿದರೆ ಕೆಂಪು ಗುಂಡಿ ಒತ್ತಿದರೂ ಒಳಕ್ಕೆ ಹೋಗುವುದಿಲ್ಲ. ಹಳೆಯದರ ಮೇಲೆ ಹೊಸದು ತುಂಬಲು ಆಗುವುದಿಲ್ಲ. ಅಪ್ಪ ಒಂದೊಂದೇ ಚಕ್ಕೆ ಮುರಿಯುತ್ತಾ ಹೋದರು. ನಾವು ಪಕ್ಕದಲ್ಲಿ ಕೂತು ಒಂದೊಂದೇ ಕ್ಯಾಸೆಟ್ ಕೊಟ್ಟೆವು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆವೋ ಏನೋ. ಆ ಚಟಕ್ ಚಟಕ್ ಸದ್ದು ಇನ್ನೂ ಕಿವಿಯಲ್ಲಿದೆ.

ನಮ್ಮೂರಿನ ಬೂಚೇಶ್ವರ ದೇವಸ್ಥಾನ ನಿಮಗೆ ಗೊತ್ತು. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಬೂಚಿರಾಜ ಕಟ್ಟಿಸಿದ್ದು. ಎಂಟೂವರೆ ಶತಮಾನ ಮಳೆ ಬಿಸಿಲಿಗೆ ನಿಂತಿದೆ. ಬೇಲೂರು, ಹಳೇಬೀಡಿಗೆ ಹೋದರೆ ಗೋಡೆ ತುಂಬಾ ಮದ್ದಳೆ ಬಾರಿಸುವವರು, ಕುಣಿಯುವವರು. ಬೆರಳು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಮದ್ದಳೆಯ ಸದ್ದು ಹೇಗಿತ್ತು ಅಂತ ಹೇಳುವವರು ಯಾರೂ ಇಲ್ಲ. ಕಲ್ಲು ಉಳಿಯಿತು, ದನಿ ಹೋಯಿತು.

ನಮ್ಮ ದೇಶದ ಸಂಗೀತದ ದನಿ ತಟ್ಟೆಗೆ ಇಳಿಯಲು ಶುರುವಾಗಿ ಇನ್ನೂ ಸವಾ ನೂರು ವರ್ಷದ ಆಸುಪಾಸು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನ್ ಕಂಪನಿಗೆ ಹಾಡಿದರು. ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಜಾಗ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಮುಗಿಸಬೇಕು. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ದೇಶವೆಲ್ಲ ಹೆಸರಾದ ಆಕೆ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು.

ನಾಲ್ವಡಿಯವರ ನಂತರ ಬಂದ ಜಯಚಾಮರಾಜ ಒಡೆಯರಿಗೂ ರೆಕಾರ್ಡಿನ ಹುಚ್ಚು. ಅರಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಟ್ಟೆಗಳ ದೊಡ್ಡ ಭಂಡಾರವೇ ಇತ್ತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಗಾರ ಲಂಡನ್ನಿನಲ್ಲಿ ವಯಸ್ಸಾಗಿ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಹಾಗೆ ಬದುಕಿದ್ದ. ಮಹಾರಾಜರು 1948ರಲ್ಲಿ ಅವನ ಹೆಸರಿನಲ್ಲಿ ಅಲ್ಲೊಂದು ಸಂಘ ಮಾಡಿಸಿ, ಹಣ ಕೊಟ್ಟು, ಅವನ ಕೃತಿಗಳನ್ನು ರೆಕಾರ್ಡ್ ಮಾಡಿಸಿದರು. ಅವನೇ ಪಿಯಾನೊ ನುಡಿಸಿದ್ದು ಇವತ್ತಿಗೂ ಕೇಳಲು ಸಿಗುತ್ತದೆ. ಮಹಾರಾಜರ ಹತ್ತಿರ ಖಜಾನೆ ಇತ್ತು. ಅಪ್ಪನ ಹತ್ತಿರ ನಾಲ್ಕು ಶೆಲ್ಲು ಇತ್ತು. ಇಬ್ಬರಿಗೂ ಇದ್ದ ಆಸೆ ಒಂದೇ: ದನಿ ಹೋಗಬಾರದು.

ಟ್ರಂಕು ಇಳಿಸಿದ ಮೇಲೆ ಇವನ್ನೆಲ್ಲ ಕಂಪ್ಯೂಟರಿಗೆ ಹಾಕೋಣ ಅಂತ ಹೊರಟೆವು. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಅವನ್ನು ಬೇರೆ ಇಟ್ಟೆವು. ಉಳಿದವನ್ನು ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿದೆವು. ಅಂಟಿಕೊಂಡ ಟೇಪು ಬಿಡಿಸಿಕೊಳ್ಳುತ್ತದೆ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದೆವು. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು, ದುಡ್ಡು ಕೊಡದೆ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರು. ಅಷ್ಟೇ ಸಾಮಾನು. ಒಂದು ಗಂಟೆಯ ರೆಕಾರ್ಡು ಕುಗ್ಗಿಸದೆ ಇಟ್ಟರೆ ಸುಮಾರು 600 ಎಂ.ಬಿ. ಆಗುತ್ತದೆ.

ಒಂದು ಮಾತ್ರ ನಾವು ಅಂದುಕೊಂಡಿರಲಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಇಳಿಸಲು ಒಂದು ಗಂಟೆಯೇ ಬೇಕು. ಫೋನಿನಿಂದ ಫೋನಿಗೆ ಹಾಡು ಕಳಿಸಿದ ಹಾಗಲ್ಲ. ನಮ್ಮ ಫೋನಿನಲ್ಲಿ ಸಾವಿರಾರು ಹಾಡಿವೆ, ಪೂರ್ತಿ ಕೇಳಿದ್ದು ಎಷ್ಟು ಅಂದರೆ ಉತ್ತರವಿಲ್ಲ. ಅಪ್ಪನ ಕ್ಯಾಸೆಟ್ಟಿನ ಮುಂದೆ ಕೂರಲೇಬೇಕಾಯಿತು. ಸುದ್ದಿ ಕಳಿಸಿ ಊಟ ಮುಗಿಸಿ ರಾತ್ರಿ ಕೂತರೆ, ಮೊದಮೊದಲು ಹತ್ತು ನಿಮಿಷಕ್ಕೇ ಕೈ ಫೋನಿನ ಕಡೆ ಹೋಗುತ್ತಿತ್ತು. ಇಪ್ಪತ್ತನೇ ಕ್ಯಾಸೆಟ್ಟಿನ ಹೊತ್ತಿಗೆ ಹೋಗುವುದು ನಿಂತಿತು. ಈಗ ನಮಗೂ ತೋಡಿ ಬಂದರೆ ತೋಡಿ ಅಂತ ಗೊತ್ತಾಗುತ್ತದೆ. ಹಾಡಲು ಬರುವುದಿಲ್ಲ.

41ನೇ ಕ್ಯಾಸೆಟ್ ಕೈಗೆತ್ತಿಕೊಂಡಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಅದೇ ಕ್ಯಾಸೆಟ್ಟು. ಅಪ್ಪ ಅದನ್ನು ಎಸೆದಿರುತ್ತಾರೆ ಅಂದುಕೊಂಡಿದ್ದೆವು. ಹಳೇ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿ ಬರೆದಿದ್ದರು: "ಆರ್.ಕೆ.ಎಸ್. ತೋಡಿ, 11 ನಿಮಿಷ. ಮುಂದೆ ಮಗನ ಹಾಡುಗಳು, 4." ತಿರುಗಿಸಿ ಬೆನ್ನು ನೋಡಿದೆವು. ಆ ಬದಿಯ ಚಕ್ಕೆಯನ್ನೂ ಮುರಿದಿದ್ದರು. ನಾವು ಹಾಳು ಮಾಡಿದ್ದನ್ನೂ ಯಾರೂ ಅಳಿಸದ ಹಾಗೆ ಕಾಪಾಡಿ ಇಟ್ಟಿದ್ದರು.

ಅದನ್ನು ಕತ್ತರಿಸದೆ ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿದ್ದೇವೆ. ಟಕ್ ಅನ್ನುವ ಸದ್ದೂ ಇದೆ.

ಆ ರಾತ್ರಿ ನಮ್ಮ ಫೋನನ್ನೂ ತೆಗೆದು ನೋಡಿದೆವು. ಸುದ್ದಿಗೆ ಅಂತ ಹಳ್ಳಿ ಹಳ್ಳಿ ಸುತ್ತಿ ಸೋಬಾನೆ ಹೇಳುವ ಅಜ್ಜಿಯರ ದನಿ ತುಂಬಿಕೊಂಡಿದ್ದೆವು. ಜಾಗ ಸಾಲದು ಅಂತ ಎಷ್ಟೋ ಅಳಿಸಿದ್ದೇವೆ. ಅವರಲ್ಲಿ ಇಬ್ಬರು ಈಗಿಲ್ಲ. ಫೋನಿಗೆ ಮುರಿಯುವ ಚಕ್ಕೆ ಇಲ್ಲ, ನಾವೇ ಎಚ್ಚರ ಇರಬೇಕು. ಉಳಿದ ಏಳು ರೆಕಾರ್ಡನ್ನು ಹೆಸರು, ಊರು, ತಾರೀಕು ಬರೆದು ಅಪ್ಪನ ಕ್ಯಾಸೆಟ್ಟುಗಳ ಜೊತೆಯಲ್ಲೇ ಇಟ್ಟಿದ್ದೇವೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ.

ನಿಮ್ಮ ಅಟ್ಟದ ಮೇಲೂ ಇಂಥ ಒಂದು ಡಬ್ಬ ಇರಬಹುದು. ಗುಜರಿಯವನು ಮುಂದಿನ ವಾರವೂ ಬರುತ್ತಾನೆ. ಕೊಡುವ ಮುಂಚೆ ಒಂದು ಸಲ ಹಾಕಿ ಕೇಳಿ.