ನನ್ನ ನೆನಪಿನ ಅಳತೆ

ಜೂನ್ 3, 2024, ಸೋಮವಾರ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮತ್ತೆ ಡೇರಿಗೆ ಹೋಗತೊಡಗಿದ ಮೇಲೆ ಇವತ್ತು ಮೊದಲ ಬಟವಾಡೆ. ಮಧ್ಯಾಹ್ನದೊಳಗೆ ಮುಗಿಸುತ್ತಿದ್ದ ಲೆಕ್ಕ ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಹಾಲಿನ ಹಣದಲ್ಲಿ ಪಶು ಆಹಾರದ ಮೂಟೆಯ ಬಾಬ್ತು ಕಳೆಯಬೇಕು, ಅಷ್ಟೇ ಕೆಲಸ. ನಡುವೆ ಯಾರಾದರೂ "ಅಕ್ಕಾ" ಅಂದರೆ ಸಾಕು, ಮನಸ್ಸಿನಲ್ಲಿ ಹಿಡಿದಿದ್ದ ಮೊತ್ತ ಹಾರಿಹೋಗುತ್ತದೆ. ಮತ್ತೆ ಮೊದಲಿನಿಂದ ಕೂಡಬೇಕು. ಬೆಳಿಗ್ಗೆ ಕ್ಯಾನು ಹಿಡಿದು ನಿಂತ ಹೆಂಗಸರ ಮುಖ ನೋಡಿಯೇ ಸದಸ್ಯರ ನಂಬರು ಬರೆಯುತ್ತಿದ್ದವಳು ನಾನು. ಇವತ್ತು ನಮ್ಮ ಓರಗಿತ್ತಿಯ ನಂಬರನ್ನೂ ಕೇಳಬೇಕಾಯಿತು.

"ವಯಸ್ಸಾಯ್ತಲ್ಲಕ್ಕಾ, ನಮಗೂ ಹಿಂಗೇ" ಅಂದರು ಹಾಲು ತಂದ ಹೆಂಗಸರು. ಸಮಾಧಾನಕ್ಕೆ ಹೇಳಿದ ಮಾತು, ಗೊತ್ತು. ಆದರೆ ಒಂದೇ ವರ್ಷದಲ್ಲಿ ಯಾರಿಗೂ ಇಷ್ಟು ವಯಸ್ಸಾಗುವುದಿಲ್ಲ.

ಜೂನ್ 9, ಭಾನುವಾರ

ನರ್ಸಿಂಗ್ ಓದುತ್ತಿರುವ ಮಗಳು ಮೈಸೂರಿನಿಂದ ಬಂದಿದ್ದಾಳೆ. ರಾತ್ರಿ ಎಲ್ಲವನ್ನೂ ಹೇಳಿಕೊಂಡೆ. "ಅಮ್ಮಾ, ಇದು ನಿನ್ನ ಮನಸ್ಸಿನ ಭ್ರಮೆ ಅಲ್ಲ. ಇದಕ್ಕೆ ಕೀಮೋ ಬ್ರೇನ್ ಅಂತಾರೆ" ಅಂದಳು. ನನಗೆ ಕೊಟ್ಟ ಕೆಂಪು ಔಷಧಿ ಡಾಕ್ಸೊರುಬಿಸಿನ್ ಮಿದುಳಿನ ಒಳಕ್ಕೆ ನೇರವಾಗಿ ಹೋಗುವುದು ತೀರ ಕಡಿಮೆಯಂತೆ. ಆದರೆ ಅದು ಮೈಯಲ್ಲಿ ಎಬ್ಬಿಸುವ ಉರಿಯೂತದ ಅಂಶಗಳು ಮಿದುಳನ್ನೂ ಮುಟ್ಟುತ್ತವಂತೆ. ಕೀಮೋ ಒಂದೇ ಕಾರಣವೂ ಅಲ್ಲ. ಕ್ಯಾನ್ಸರ್, ನಿದ್ದೆಗೇಡು, ರಕ್ತಹೀನತೆ, ಭಯ, ಹಾರ್ಮೋನ್ ಮಾತ್ರೆ ಎಲ್ಲವೂ ಸೇರಿಕೊಳ್ಳುತ್ತವೆ. ಕೆಲವರಿಗೆ ಚಿಕಿತ್ಸೆ ಶುರುವಾಗುವ ಮೊದಲೇ ಮರೆವು ಕಾಣಿಸಿಕೊಂಡಿರುತ್ತದೆ.

2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ಓದಿ ಹೇಳಿದಳು. ಸ್ತನ ಕ್ಯಾನ್ಸರ್ ಇದ್ದ 581 ಹೆಂಗಸರನ್ನೂ ಕ್ಯಾನ್ಸರ್ ಇಲ್ಲದ 364 ಮಂದಿಯನ್ನೂ ಕೇಳಿದ್ದಾರೆ. ಕೀಮೋ ಮುಗಿಯುವ ಹೊತ್ತಿಗೆ ನೆನಪು, ಗಮನ ಕುಗ್ಗಿದೆ ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 45, ಎರಡನೆಯದರಲ್ಲಿ 10. ಅಷ್ಟು ಜನ ಹೆಂಗಸರು ಸುಳ್ಳು ಹೇಳುತ್ತಾರೆಯೇ?

ಜೂನ್ 20, ಗುರುವಾರ

ಬೆಂಗಳೂರಿನಲ್ಲಿ ನೆನಪಿನ ಪರೀಕ್ಷೆ ಆಯಿತು. ಪರೀಕ್ಷೆ ಮಾಡಿದ ಮೇಡಂ 15 ಪದ ಓದಿದರು, ನೆನಪಿದ್ದಷ್ಟು ಹೇಳಿ ಅಂದರು. ಅದೇ ಪಟ್ಟಿಯನ್ನು ಐದು ಸಲ ಓದಿದರು. ಮೊದಲ ಸಲ ಕೊನೆಯ ಕೆಲವು ಪದ ಬಿಟ್ಟರೆ ಏನೂ ನಿಲ್ಲಲಿಲ್ಲ, ಬರಬರುತ್ತ ಹೆಚ್ಚಾದವು. ಆಮೇಲೆ ಹಾಳೆಯ ತುಂಬ ಚೆದುರಿದ್ದ ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ಸೇರಿಸುವುದು. ಮೇಡಂ ಕೈಯಲ್ಲಿ ಗಡಿಯಾರ. ಮುಗಿಯುವಷ್ಟರಲ್ಲಿ ಬೆನ್ನೆಲ್ಲ ಬೆವರಿತ್ತು.

"ನಿಮ್ಮ ವಯಸ್ಸಿಗೆ, ಓದಿಗೆ ಎಲ್ಲ ಸರಿಯಾಗಿದೆ" ಅಂದರು. ನಮ್ಮೆಜಮಾನರ ಮುಖ ಅರಳಿತು. ನಾನು ಕೇಳಿಯೇಬಿಟ್ಟೆ: "ಮೇಡಂ, ಯಾರ ಜೊತೆ ಹೋಲಿಸಿ ಸರಿ ಅಂತೀರಿ?" ಅವರು ಪೆನ್ನು ಕೆಳಗಿಟ್ಟರು. "ನಿಮ್ಮಂಥ ಬೇರೆಯವರ ಜೊತೆ. ಕಾಯಿಲೆಗೆ ಮೊದಲು ನೀವು ಹೇಗಿದ್ದಿರಿ ಅನ್ನೋ ಅಳತೆ ನನ್ನ ಹತ್ತಿರ ಇಲ್ಲಮ್ಮ." ಅಷ್ಟೊಂದು ಸದಸ್ಯರ ನಂಬರು ಬಾಯಿಪಾಠ ಇದ್ದವಳು ಕುಗ್ಗಿ ಎಲ್ಲರಂತಾದರೆ ಆ ನಷ್ಟ ಈ ಅಂಕಿಗಳಲ್ಲಿ ಕಾಣುವುದಿಲ್ಲ.

ಜೂನ್ 22, ಶನಿವಾರ

ಮಗಳು ಫೋನಿನಲ್ಲಿ ಇನ್ನೊಂದು ವಿಷಯ ಹೇಳಿದಳು. ಕೀಮೋ ಮುಗಿದು 5ರಿಂದ 10 ವರ್ಷ ಕಳೆದ ಹೆಂಗಸರಿಗೆ ನೆನಪಿನ ಕೆಲಸ ಕೊಟ್ಟು ಕ್ಯಾಲಿಫೋರ್ನಿಯಾದಲ್ಲಿ ಮಿದುಳಿನ ಸ್ಕ್ಯಾನ್ ಮಾಡಿದ್ದರಂತೆ. ಅವರ ಮಿದುಳಿನ ಮುಂಭಾಗ ಕೀಮೋ ಪಡೆಯದವರಿಗಿಂತ ಹೆಚ್ಚು ದುಡಿಯುತ್ತಿತ್ತಂತೆ. ಮೊನ್ನೆ ಆ ಬೆವರು ಬಂದದ್ದು ಯಾಕೆಂದು ಈಗ ಹೊಳೆಯಿತು. ಉತ್ತರ ಸರಿಯಿತ್ತು, ಅದಕ್ಕೆ ನಾನು ತೆತ್ತ ಶ್ರಮವನ್ನು ಯಾರೂ ಬರೆದುಕೊಳ್ಳಲಿಲ್ಲ. ಆ ಕೋಣೆಯಲ್ಲಿ ಸದ್ದಿರಲಿಲ್ಲ, ಒಂದು ಸಲಕ್ಕೆ ಒಂದೇ ಕೆಲಸ. ಡೇರಿಯಲ್ಲಿ ಹಾಲು ಅಳೆಯಬೇಕು, ಫ್ಯಾಟ್ ಬರೆಯಬೇಕು, ಲಾರಿಯವನಿಗೆ ಉತ್ತರ ಕೊಡಬೇಕು, ಎಲ್ಲ ಒಟ್ಟೊಟ್ಟಿಗೆ.

ಜುಲೈ 14, ಭಾನುವಾರ

ಡಾಕ್ಟರು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿದರು. ರಕ್ತ ಕಡಿಮೆ ಇತ್ತು, ಅದಕ್ಕೆ ಔಷಧಿ ನಡೆದಿದೆ. ದಿನಾ ನಡೆಯಬೇಕು, ನಿದ್ದೆಗೆಡಬಾರದು ಅಂದಿದ್ದಾರೆ. ಸಂಜೆ ಕೆರೆ ಏರಿಯ ಮೇಲೆ ಹೋಗಿಬರುತ್ತೇನೆ. ಬಟವಾಡೆಯ ದಿನ ಬಾಗಿಲು ಹಾಕಿಕೊಂಡು ಕೂಡುತ್ತೇನೆ, ಮೊತ್ತವನ್ನು ಪ್ರತಿ ಸಾಲಿಗೂ ಬರೆದಿಟ್ಟು ಮುಂದೆ ಹೋಗುತ್ತೇನೆ, ಕೊನೆಗೆ ಹಾಲು ಪರೀಕ್ಷಕಿ ಇನ್ನೊಮ್ಮೆ ಕೂಡಿ ನೋಡುತ್ತಾಳೆ. ಬಹಳ ಮಂದಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ ಎಂದಿದ್ದಾರೆ. ಈ ಸಲದ ಲೆಕ್ಕ ಸಂಜೆಗೆ ಮುಂಚೆ ಮುಗಿಯಿತು.

ಜುಲೈ 28, ಭಾನುವಾರ

ಕೆಳಗಿನ ಬೀದಿಯ ಹುಡುಗಿಗೆ ಮುಂದಿನ ವಾರ ಕೀಮೋ ಶುರು. ಇನ್ನೂ ಚಿಕ್ಕ ವಯಸ್ಸು, ಅಂಗನವಾಡಿಯಲ್ಲಿ ಕೆಲಸ. ಕೂದಲು ಹೋಗುತ್ತದೆ, ವಾಂತಿ ಆಗುತ್ತದೆ ಎಂದು ಎಲ್ಲರೂ ಹೇಳಿದ್ದಾರೆ. ನನಗೂ ಅಷ್ಟನ್ನೇ ಹೇಳಿದ್ದರು. ತಲೆಯ ವಿಷಯ ಅವಳಿಗೂ ಯಾರೂ ಎತ್ತಿಲ್ಲ. ಭಯಪಡಿಸಿದಂತಾಗುತ್ತದೆ, ಸುಮ್ಮನಿರು ಅಂತ ನಮ್ಮೆಜಮಾನರ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ. ಗೊತ್ತಿಲ್ಲದೆ ಹುಚ್ಚು ಹಿಡಿಯಿತೇನೋ ಎಂದು ಒಬ್ಬಳೇ ಕೊರಗುವುದು ಅದಕ್ಕಿಂತ ದೊಡ್ಡ ಭಯ.

ನಾಳೆ ಬೆಳಿಗ್ಗೆ ಹಾಲು ಮುಗಿಸಿ ಅವಳ ಮನೆಗೆ ಹೋಗುತ್ತೇನೆ. ಮೊದಲ ಡ್ರಿಪ್ ಏರಿಸುವ ಮುಂಚೆಯೇ ನೆನಪಿನ ಪರೀಕ್ಷೆ ಮಾಡಿಸಿಕೊಡಿ ಎಂದು ಡಾಕ್ಟರನ್ನು ಕೇಳು, ಆ ಕಾಗದ ಜೋಪಾನ ಮಾಡು ಎನ್ನುತ್ತೇನೆ. ಮುಂದೆ ಅವಳು "ನಾನು ಮೊದಲಿನಂತಿಲ್ಲ" ಎಂದರೆ, ಆ ಮೊದಲು ಹೇಗಿತ್ತೆಂದು ತೋರಿಸಲು ಅವಳ ಕೈಯಲ್ಲಿ ಏನಾದರೂ ಇರಬೇಕು.