ಕೇಳಿಸದೆ ಅಂದ ‘ರೋಜರ್’

2019ರ ಆಗಸ್ಟ್ ತಿಂಗಳ ನನ್ನ ಲಾಗ್‌ಬುಕ್ ಪುಟವನ್ನು ಬೆಳಕಿಗೆ ಹಿಡಿದರೆ ಒಂದು ಕಡೆ ಕಾಗದ ತೆಳ್ಳಗಾಗಿರುವುದು ಕಾಣುತ್ತದೆ. ಬ್ಲೇಡಿನಿಂದ ಕೆರೆದ ಜಾಗ. ಅಲ್ಲಿ ಮೊದಲು 64 ಅಂತ ಇತ್ತು, ಈಗ 162 ಅಂತ ಇದೆ. ಕೆರೆದವನು ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಪ್ರಯೋಗದ ಪುಸ್ತಕದಲ್ಲಿ ಅಂಕಿ ತಿದ್ದಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು.

ನಾನು ಹ್ಯಾಮ್. ಅಂದರೆ ಹವ್ಯಾಸಿ ರೇಡಿಯೊದವನು. ಕಾಲೇಜು ಮುಗಿದ ಹೊಸತರಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು, ಮೋರ್ಸ್ ಕುಟ್ಟಿ ತೋರಿಸಿ ಪರವಾನಗಿ ತಂದೆ. ಆವತ್ತು ಸಿಕ್ಕ ಕಾಲ್‌ಸೈನ್ ನನ್ನ ಪಾಲಿಗೆ ಅಪ್ಪ ಇಟ್ಟ ಹೆಸರಿಗಿಂತ ದೊಡ್ಡದಾಗಿತ್ತು. ಈ ಲೋಕದಲ್ಲಿ ಹನ್ನೆರಡು ವರ್ಷದ ಹುಡುಗನನ್ನೂ ‘ಓಎಂ’ ಎನ್ನುತ್ತಾರೆ, ಓಲ್ಡ್ ಮ್ಯಾನ್ ಅಂತ. ಈಗ ನನಗೆ ಆ ಪದ ಅಕ್ಷರಶಃ ಒಪ್ಪುತ್ತದೆ.

2004ರ ಡಿಸೆಂಬರಿನಲ್ಲಿ ದೆಹಲಿಯ ಭಾರತಿ ಪ್ರಸಾದ್ ತಮ್ಮ ತಂಡದೊಂದಿಗೆ ಅಂಡಮಾನಿಗೆ ಹೋಗಿದ್ದರು. ಹ್ಯಾಮ್‌ಗಳ ದನಿ ಅಪರೂಪವಾಗಿದ್ದ ಆ ದ್ವೀಪದಿಂದ ದೇಶ ದೇಶಗಳ ಹ್ಯಾಮ್‌ಗಳ ಜತೆ ಮಾತಾಡುವುದಷ್ಟೇ ಅವರ ಉದ್ದೇಶ. 26ರ ಬೆಳಿಗ್ಗೆ ಸುನಾಮಿ ಬಂತು. ಹವ್ಯಾಸಕ್ಕೆಂದು ಒಯ್ದಿದ್ದ ಅದೇ ಸೆಟ್ಟುಗಳಲ್ಲಿ ಯಾರು ಬದುಕಿದ್ದಾರೆ, ಎಲ್ಲಿದ್ದಾರೆ ಎಂಬ ಸಂದೇಶಗಳು ಹೊರಟವು. ಈ ಕಥೆಯನ್ನು ಹೊಸ ಹುಡುಗರಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗೆಲ್ಲ ಆ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿಕೊಂಡು ನೋಡುತ್ತಿದ್ದೆ ಅನ್ನುವುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಹಾಸನಕ್ಕೆ ಬಂದು ನೆಲೆಸಿದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆಯ ಏಳೆಂಟು ಹ್ಯಾಮ್‌ಗಳು ಸೇರಿ ಮಳೆಗಾಲಕ್ಕೊಂದು ‘ಮಳೆ ನೆಟ್’, ಅಂದರೆ ರೇಡಿಯೊದಲ್ಲೇ ಸೇರುವ ಕೂಟ, ಶುರು ಮಾಡಿದೆವು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡುವುದು, ಎಂಟೂಮುಕ್ಕಾಲಿಗೆ ನಲವತ್ತು ಮೀಟರ್ ಬ್ಯಾಂಡಿಗೆ ಬರುವುದು. ಮಲೆನಾಡಿನ ಗುಡ್ಡಗಳ ಮಧ್ಯೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟು ಪಕ್ಕದ ಕಣಿವೆಗೂ ಮುಟ್ಟುವುದಿಲ್ಲ. ಏಳು ಮೆಗಾಹರ್ಟ್ಸ್ ಹಾಗಲ್ಲ. ತಂತಿಯನ್ನು ತೀರಾ ಎತ್ತರಕ್ಕೆ ಕಟ್ಟದಿದ್ದರೆ ಅಲೆ ನೆಟ್ಟಗೆ ಮೇಲಕ್ಕೆ ಹೋಗಿ ಅಯಾನುಗೋಳಕ್ಕೆ ತಾಗಿ ಸುತ್ತಲಿನ ನೂರಿನ್ನೂರು ಕಿಲೋಮೀಟರಿಗೆ ಮಳೆಯ ಹಾಗೇ ಇಳಿಯುತ್ತದೆ. ಎರಡು ಸಿಲ್ವರ್ ಮರಗಳ ನಡುವೆ ಇಪ್ಪತ್ತು ಮೀಟರ್ ತಂತಿ, ಕಾರಿನ ಬ್ಯಾಟರಿ ಒಂದು, ಇಷ್ಟಿದ್ದರೆ ಸಾಕು. ಕರೆಂಟು ಹೋಗಲಿ, ಟವರ್ ಸಾಯಲಿ, ನಾವು ಇರುತ್ತೇವೆ ಎಂಬ ಗರ್ವ ನಮ್ಮದು.

ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸರ್ಕಾರದ ಸ್ವಯಂಚಾಲಿತ ಮಳೆಮಾಪಕ ಇರುವಾಗ ನಿಮ್ಮದೇನು ಎಂದು ಕೇಳುವವರಿದ್ದರು. ಅಮೆರಿಕದವರಿಗೆ ಊರೂರಿಗೂ ಕಾಣುವಂಥ ರೇಡಾರ್ ಇದೆ, ಆದರೂ ಸ್ಕೈವಾರ್ನ್ ಎಂಬ ಹೆಸರಿನಲ್ಲಿ ಲಕ್ಷಾಂತರ ಸ್ವಯಂಸೇವಕರನ್ನು ಅಲ್ಲಿನ ಹವಾಮಾನ ಇಲಾಖೆ ತರಬೇತಿ ಕೊಟ್ಟು ಇಟ್ಟುಕೊಂಡಿದೆ, ಅವರಲ್ಲಿ ಹ್ಯಾಮ್‌ಗಳು ಬಹಳ. ಭೂಮಿ ಗುಂಡಗಿದೆಯಲ್ಲ, ರೇಡಾರಿನ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲಾಗುತ್ತದೆ. ಮೋಡದ ಹೊಟ್ಟೆ ಕಾಣುತ್ತದೆ, ಕಾಲಡಿ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಅದಕ್ಕೆ ಮನುಷ್ಯನ ಕಣ್ಣು ಬೇಕು. ನಮ್ಮಲ್ಲೂ ಅಷ್ಟೆ. ಯಂತ್ರ ಮಳೆ ಅಳೆಯುತ್ತದೆ. ಹಳ್ಳದ ನೀರು ಸೇತುವೆಯ ಯಾವ ಕಲ್ಲಿಗೆ ಬಂತು ಎಂದು ಅಲ್ಲಿದ್ದವರೇ ಹೇಳಬೇಕು. ‘ಕಂಡದ್ದು ಹೇಳಿ, ಊಹಿಸಿದ್ದು ಬೇಡ’ ಎಂದು ನಾನು ನಮ್ಮವರಿಗೆ ಪಾಠ ಮಾಡುತ್ತಿದ್ದೆ. ಆಲಿಕಲ್ಲು ಬಿದ್ದರೆ ‘ದೊಡ್ಡದು’ ಅನ್ನಬೇಡಿ, ಗೋಲಿಯಷ್ಟೋ ನಿಂಬೆಹಣ್ಣಿನಷ್ಟೋ ಹೇಳಿ ಅಂತ. ಕೇಳುವವನು ಹೇಗೆ ಕೇಳಬೇಕು ಎಂಬ ಪಾಠ ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ. ಕೇಳುವವನು ನಾನೇ ಆಗಿದ್ದೆ. ನೆಟ್ ಕಂಟ್ರೋಲ್, ಅಂದರೆ ಕೂಟ ನಡೆಸುವವನು.

ನಮ್ಮ ನೆಟ್ಟಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ಗೌಡರಿದ್ದರು, ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರು. ಕಾಫಿ ತೋಟದವರ ಮಳೆ ಲೆಕ್ಕ ಇಂದಿಗೂ ಇಂಚು, ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟ್. ‘ನಿನ್ನೆ ಎರಡು ಇಂಚು ಇಪ್ಪತ್ತು ಸೆಂಟ್ ಬಂತು’ ಎಂದರೆ ಆ ಕಡೆ ಮಕ್ಕಳಿಗೂ ಅಂದಾಜು ಸಿಗುತ್ತದೆ. ನನಗೆ ಅದು ಕಿರಿಕಿರಿ. ಪ್ರತಿದಿನ 25.4ರಿಂದ ಗುಣಿಸಬೇಕು. ಜುಲೈ ಕೊನೆಯಲ್ಲಿ ಒಮ್ಮೆ ಎಲ್ಲರೂ ಕೇಳುತ್ತಿರುವಾಗಲೇ, ‘ಗೌಡ್ರೇ, ಇನ್ನು ಮೇಲೆ ಮಿಲಿಮೀಟರಿನಲ್ಲೇ ಕೊಡಿ, ಬ್ರಿಟಿಷರು ಹೋಗಿ ಕಾಲವಾಯ್ತು’ ಎಂದುಬಿಟ್ಟೆ. ಅವರು ನಕ್ಕು, ‘ಆಗ್ಲಿ ಮೇಷ್ಟ್ರೇ’ ಅಂದರು.

ಆಶ್ಲೇಷ ಮಳೆ ಹಿಡಿದ ಮೊದಲ ವಾರ. ಆ ಆಗಸ್ಟಿನ ಮಳೆ ಮಲೆನಾಡಿನವರಿಗೆ ನೆನಪಿದೆ; ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಬ್ಯಾಂಡಿನ ತುಂಬ ಸಿಡಿಲಿನ ಚಟಪಟ. ಒಬ್ಬೊಬ್ಬರೇ ವರದಿ ಕೊಟ್ಟರು: 138, 121, 149. ಗೌಡರ ಸರದಿ ಬಂತು. ‘ಸಿಕ್ಸ್, ಫೋರ್’ ಎಂದು ಬಿಡಿಬಿಡಿಯಾಗಿ ಹೇಳಿದ್ದು ಕೇಳಿಸಿತು. ಆಮೇಲೆ ಕಿವಿ ಕಿತ್ತು ಹೋಗುವಂಥ ಸಿಡಿತ. ಅದು ಇಳಿಯುವ ಹೊತ್ತಿಗೆ ಮಾತಿನ ಬಾಲ ಮಾತ್ರ ಉಳಿದಿತ್ತು: ‘...ನೋಡಿರ್ಲಿಲ್ಲ, ಓವರ್.’

‘ರೋಜರ್ ರೋಜರ್ ಗೌಡ್ರೇ, ಯು ಆರ್ ಫೈವ್ ನೈನ್, ಥ್ಯಾಂಕ್ಯೂ’ ಅಂದೆ.

ಇದರಲ್ಲಿ ಸುಳ್ಳು ಎರಡು. ಐದು ಅಂದರೆ ಪೂರ್ತಿ ಅರ್ಥವಾಯಿತು, ಒಂಬತ್ತು ಅಂದರೆ ಸಿಗ್ನಲ್ ಬಲು ಜೋರು. ಅವರು ಎರಡಕ್ಕೆ ಮೂರರ ಹಾಗಿದ್ದರು. ಆದರೆ ರೇಡಿಯೊ ಸ್ಪರ್ಧೆಗಳಲ್ಲಿ ಎಲ್ಲರೂ ಎಲ್ಲರಿಗೂ ಕಣ್ಣು ಮುಚ್ಚಿ ಐವತ್ತೊಂಬತ್ತನ್ನೇ ಕೊಡುತ್ತಾರೆ, ಮದುವೆ ಮನೆಯಲ್ಲಿ ‘ಊಟ ಚೆನ್ನಾಗಿತ್ತು’ ಅಂದ ಹಾಗೆ. ನನ್ನ ನಾಲಿಗೆಗೂ ಅದು ಕೂತುಬಿಟ್ಟಿತ್ತು. ಇನ್ನು ‘ರೋಜರ್’ ಎಂದರೆ ನೀವು ಹೇಳಿದ್ದೆಲ್ಲ ನನಗೆ ಸಿಕ್ಕಿತು ಅಂತ. ನಾನು ಅದನ್ನು ಕಥೆ ಕೇಳುವ ಮಕ್ಕಳು ಹೂಂಗುಟ್ಟುವ ಹಾಗೆ ಬಳಸಿದ್ದೆ. ನಿದ್ದೆ ಬಂದ ಮೇಲೂ ಮಕ್ಕಳು ಹೂಂ ಅನ್ನುತ್ತಿರುತ್ತವಲ್ಲ, ಹಾಗೆ.

‘ಮತ್ತೊಮ್ಮೆ ಹೇಳಿ’ ಎಂದು ಕೇಳಲು ಐದು ಸೆಕೆಂಡು ಸಾಕಿತ್ತು. ಕೇಳಲಿಲ್ಲ, ಯಾಕೆಂದರೆ ಆವತ್ತು ಬೆಂಗಳೂರಿನ ಹಿರಿಯ ಹ್ಯಾಮ್ ಒಬ್ಬರು ನಮ್ಮ ನೆಟ್ ಕೇಳುತ್ತಿದ್ದರು. ಚಕಚಕನೆ ನಡೆಸಿ ತೋರಿಸಬೇಕಿತ್ತು ನನಗೆ. 64 ಎಂದು ಬರೆದುಕೊಂಡೆ. ಸುತ್ತಲಿನವರು ನೂರಿಪ್ಪತ್ತು, ನೂರೈವತ್ತು ಹೇಳುವಾಗ ಅವರದೊಂದೇ ಯಾಕಿಷ್ಟು ಕಡಿಮೆ ಎಂದು ಅನುಮಾನ ಬರಬೇಕಿತ್ತು. ಗುಡ್ಡದ ಮರೆ ಇರಬೇಕು ಎಂದು ನಾನೇ ಕಾರಣ ಹುಟ್ಟಿಸಿಕೊಂಡೆ. ಊಹಿಸಿದ್ದು ಬೇಡ ಎಂದು ಪಾಠ ಮಾಡಿದವನು.

ಅವರು ಹೇಳಿದ್ದು ‘ಸಿಕ್ಸ್ ಫೋರ್ ಝೀರೊ, ಇಂಚಲ್ಲೇ ಹೇಳ್ತಿದೀನಿ ಮೇಷ್ಟ್ರೇ, ಇಷ್ಟು ಮಳೆ ಒಂದು ದಿನಕ್ಕೆ ಈ ತೋಟದಲ್ಲಿ ನೋಡಿರ್ಲಿಲ್ಲ’ ಎಂದು. ಆರು ಇಂಚು ನಲವತ್ತು ಸೆಂಟ್. 162 ಮಿಲಿಮೀಟರಿಗೂ ಮೇಲೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 64.5ರಿಂದ ಮೇಲಿನದು ‘ಭಾರಿ’, 115.6ರಿಂದ ಮೇಲಿನದು ‘ಅತಿ ಭಾರಿ’. ನನ್ನ ಪುಸ್ತಕದಲ್ಲಿ ಗೌಡರ ಊರಿನ ಮಳೆ ‘ಭಾರಿ’ಗೂ ಅರ್ಧ ಮಿಲಿಮೀಟರ್ ಕಡಿಮೆ ಬಿತ್ತು.

ಆ ಬೆಳಗಿನ ಮಳೆ ಪಟ್ಟಿಯನ್ನು ಅಕ್ಕಿ, ಔಷಧಿ ಹೊತ್ತು ಹೊರಟಿದ್ದ ಹುಡುಗರ ತಂಡಕ್ಕೆ ಫೋನಿನಲ್ಲಿ ಓದಿ ಹೇಳಿದೆ. ಜೀಪು ಓಡಿಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಇದ್ದ ಎರಡು ದಾರಿಯಲ್ಲಿ ಮಳೆ ಕಡಿಮೆ ಇರುವ ಕಡೆ ಹೋಗುವುದೆಂದು ತೀರ್ಮಾನಿಸಿ ಗೌಡರ ತೋಟದ ಕೆಳಗಿನ ದಾರಿ ಹಿಡಿದರು. ಅಲ್ಲಿನ ತಗ್ಗಿನ ಸೇತುವೆ ಮುಳುಗಿತ್ತು. ತಿರುಗಿಸಿಕೊಂಡು ಬರುವಷ್ಟರಲ್ಲಿ ಹಿಂದೆ ಧರೆ ಕುಸಿದು ರಸ್ತೆ ಕಟ್ಟಿತು. ನಾಲ್ಕು ಜನ ಹುಡುಗರು ಇಡೀ ರಾತ್ರಿ ಒಂದು ಬಸ್ ತಂಗುದಾಣದಲ್ಲಿ ಕೂತು ಗುಡ್ಡದ ಸದ್ದು ಕೇಳುತ್ತ ಕಳೆದರು. ಜೀಪಿನಲ್ಲಿದ್ದ ಇನ್ಸುಲಿನ್ ತಲುಪಬೇಕಾದ ಅಜ್ಜಿಗೆ ಒಂದು ದಿನ ತಡವಾಗಿ ತಲುಪಿತು. ಅಷ್ಟರಲ್ಲಿ ಅವರನ್ನು ಕಂಬಳಿಯಲ್ಲಿ ಹೊತ್ತುಕೊಂಡು ಗುಡ್ಡ ದಾಟಿಸಿ ಆಸ್ಪತ್ರೆಗೆ ಸೇರಿಸಿದ್ದರು. ಬದುಕಿದರು. ಅದು ನನ್ನ ಪುಣ್ಯವಲ್ಲ, ಹೊತ್ತವರ ಹೆಗಲಿನದು.

ಮೂರನೆಯ ದಿನ ಜೀಪಿನ ಹುಡುಗ ಫೋನ್ ಮಾಡಿದ. ಕೋಪವೇನೂ ಇರಲಿಲ್ಲ. ‘ಸಾರ್, ನೀವು ಅರವತ್ನಾಲ್ಕು ಅಂದ್ರಲ್ಲ, ಅದಕ್ಕೇ ಆ ಕಡೆ ಹೋದ್ವಿ. ಆದ್ರೆ ಅಲ್ಲಿ...’ ಎಂದು ನಿಲ್ಲಿಸಿದ. ‘ಸಿಗ್ನಲ್ ಸರಿ ಇರಲಿಲ್ಲಪ್ಪ, ಸಿಡಿಲಿನ ಗಲಾಟೆ’ ಅಂದೆ. ಅವನು ‘ಹೂಂ ಸಾರ್’ ಅಂದ. ಫೋನಿಟ್ಟು ಬ್ಲೇಡು ಹುಡುಕಿದೆ.

ನವೆಂಬರಿನಲ್ಲಿ, ಅರೇಬಿಕಾ ಹಣ್ಣು ಕುಯ್ಲು ಶುರುವಾದ ಮೇಲೆ ಗೌಡರು ತೋಟಕ್ಕೆ ಕರೆದರು. ಹೆಂಡತಿ ಅಕ್ಕಿರೊಟ್ಟಿ ಬಡಿಸುತ್ತಿದ್ದರು. ಗೌಡರು ಒಳಗಿನಿಂದ ತೋಟದ ಮಳೆ ರಿಜಿಸ್ಟರ್ ತಂದು ಮುಂದಿಟ್ಟರು. ಅವರ ಅಪ್ಪನ ಕೈಬರಹದಿಂದ ಶುರುವಾದ ದಪ್ಪ ಪುಸ್ತಕ. ಆ ದಿನದ ಮುಂದೆ ನೀಲಿ ಶಾಯಿಯಲ್ಲಿ 6.40. ಪಕ್ಕದಲ್ಲೇ ಅವರ ಲಾಗ್‌ಬುಕ್ಕೂ ಇತ್ತು. ಕೈ ತಡೆಯದೆ ಆ ಪುಟ ತೆಗೆದೆ. ಸಮಯ, ಫ್ರೀಕ್ವೆನ್ಸಿ, ನನ್ನ ಕಾಲ್‌ಸೈನ್. ಷರಾ ಬರೆಯುವ ಅಂಕಣದಲ್ಲಿ ಒಂದೇ ಸಾಲು: ‘ಮಳೆ ತಿಳಿಸಿದೆ. ಮೇಷ್ಟ್ರಿಂದ ರೋಜರ್ ಬಂತು.’

ರೊಟ್ಟಿ ತಣ್ಣಗಾಯಿತು. ಹೇಳಿದೆ, ಕೆರೆದದ್ದೂ ಸೇರಿದಂತೆ ಎಲ್ಲವನ್ನೂ. ಗೌಡರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆ ರೋಜರ್ ಕೇಳಿ ನಾನು ಸೆಟ್ ಆಫ್ ಮಾಡಿ ಕಾಫಿಗೆ ಹೋದೆ ಮೇಷ್ಟ್ರೇ. ಇಲ್ದಿದ್ರೆ ಸೇತುವೆ ಮುಳುಗಿದ್ದೂ ಹೇಳ್ತಿದ್ದೆ’ ಅಂದರು.

ಹುಡುಗನಿಗೆ ಹೇಳುವುದಕ್ಕೆ ಇನ್ನೂ ಎರಡು ವಾರ ಹಿಡಿಯಿತು. ಅದನ್ನು ಇಲ್ಲಿ ಬರೆಯಲಾರೆ.

ಮುಂದಿನ ಜೂನಿನಿಂದ ನಮ್ಮ ನೆಟ್ ನಿಧಾನ. ಪ್ರತಿ ಅಂಕಿಯನ್ನೂ ಅಳತೆ ಸಮೇತ ನಾನು ಹಿಂದಕ್ಕೆ ಓದಬೇಕು, ಕೊಟ್ಟವರು ‘ಸರಿ’ ಅಂದ ಮೇಲೆಯೇ ಬರೆಯಬೇಕು. ಇಂಚಿನವರು ಇಂಚಿನಲ್ಲೇ ಕೊಡಲಿ, ಗುಣಾಕಾರ ನನ್ನ ಕೆಲಸ. ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಅರ್ಧ ಗಂಟೆಯಾಗುತ್ತದೆ, ಹೊಸಬರು ಬೇಸರಪಡುತ್ತಾರೆ. ಮೊನ್ನೆ ಆರಿದ್ರಾ ಮಳೆಯಲ್ಲಿ ಗೌಡರು ಏನೋ ಹೇಳಿದರು, ‘ಒಂದು ಇಂಚು ಎಪ್ಪತ್ತು ಸೆಂಟ್, ಸರಿಯೇ?’ ಎಂದೆ.

‘ಅಲ್ಲ ಮೇಷ್ಟ್ರೇ, ಹದಿನೇಳು ಸೆಂಟ್. ಇನ್ನೊಂದ್ಸಲ ಓದಿ.’